ಬಸವನ ಬ್ರೇಕು

ಇತ್ತೀಚೆಗೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ನಿಂತ ವಾಹನದ ಮುಂದೆ ನಾನು ಹಾದುಹೋಗುವುದಿಲ್ಲ. ಓಡುವ ವಾಹನದ ಮುಂದೆ ಧಾರಾಳವಾಗಿ ಹೋಗುತ್ತೇನೆ. ಕೈ ಅಡ್ಡ ಹಿಡಿದು, ಚಾಲಕನನ್ನು ದುರುಗುಟ್ಟಿ ನೋಡುತ್ತ ನುಗ್ಗುವ ವಿದ್ಯೆ ಬೆಂಗಳೂರಿನಲ್ಲಿ ಬದುಕುವವರಿಗೆಲ್ಲ ಬಂದೇ ಬರುತ್ತದೆ. ನಾನು ನಂಬದಿರುವುದು ನಿಂತದ್ದನ್ನು. ಮೊದಲು ರಸ್ತೆ ಯಾವ ಕಡೆಗೆ ಇಳಿಯುತ್ತದೆಂದು ನೋಡುತ್ತೇನೆ, ಆಮೇಲೆ ಚಕ್ರಗಳನ್ನು ನೋಡುತ್ತೇನೆ, ಆಮೇಲೆ ದಿಬ್ಬದ ಕಡೆಯಿಂದ ಸುತ್ತಿ ಹೋಗುತ್ತೇನೆ. ಮೊನ್ನೆ ಬಸವನಗುಡಿಯಲ್ಲಿ ಒಂದು ಹೂವಿನ ತಳ್ಳುಗಾಡಿಯನ್ನೂ ಹೀಗೇ ಸುತ್ತಿದೆ.

"ಏನ್ ಸಾರ್, ಪ್ರದಕ್ಷಿಣೆ ಹಾಕ್ತಿದೀರಾ? ಹಂಗೇ ಒಂದು ಮೊಳ ತಗೊಳ್ಳಿ" ಎಂದಳು ಹೂವಿನಾಕೆ.

ತೆಗೆದುಕೊಂಡೆ. ಹೆದರಿದವನು ಹೂವಿನ ಚೌಕಾಸಿಗೆ ನಿಲ್ಲುವುದಿಲ್ಲ.

ಇದಕ್ಕೆಲ್ಲ ಕಾರಣ ಬಸವ. ಬಸವ ಎಂದರೆ ನನ್ನ ಸೋದರಮಾವ ಶಾಮಣ್ಣನವರ ವಾಹನ. ಅದನ್ನು ಯಾವ ಜಾತಿಗೆ ಸೇರಿಸಬೇಕೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಮುಂದಿನಿಂದ ನೋಡಿದರೆ ಜೀಪು, ಹಿಂದಿನಿಂದ ವ್ಯಾನು, ಪಕ್ಕದಿಂದ ಕಿಟಕಿಯಿಟ್ಟ ಬೀರು. ಅದು ಹುಟ್ಟಿದ್ದು ಚಾಮರಾಜಪೇಟೆಯಲ್ಲಿ, ನಮ್ಮ ತಾತನ, ಅಂದರೆ ಶಾಮಣ್ಣ ಮಾವನ ತಂದೆಯ ಶೆಡ್ಡಿನಲ್ಲಿ. ಆ ಕಾಲದಲ್ಲಿ ಕಂಪನಿಯ ವಾಹನ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರು ತಾತನ ಹತ್ತಿರ ಬರುತ್ತಿದ್ದರು. ತಾತ ಮಿಲಿಟರಿ ಹರಾಜಿನಲ್ಲಿ ಚಾಸಿ ತರುತ್ತಿದ್ದರು. ಎಲ್ಲಿಂದಲೋ ಡೀಸೆಲ್ ಎಂಜಿನ್ ತರುತ್ತಿದ್ದರು; ಅವುಗಳಲ್ಲಿ ಕೆಲವು ಹಿಂದಿನ ಜನ್ಮದಲ್ಲಿ ಬಾವಿಯಿಂದ ನೀರೆತ್ತುತ್ತಿದ್ದವು. ಅದರ ಮೇಲೆ ತಗಡು ಬಡಿದು, ಹಸಿರು ಬಣ್ಣ ಬಳಿದು, ಮೂತಿಗೆ ಹಿತ್ತಾಳೆಯಲ್ಲಿ ಕತ್ತರಿಸಿದ 'ಬಸವ' ಎಂಬ ಮೂರಕ್ಷರ ಕೂರಿಸಿದರೆ ವಾಹನ ತಯಾರು.

ಜನ ದರ್ಜಿಯ ಅಂಗಡಿಗೆ ಬರುವಂತೆ ಬರುತ್ತಿದ್ದರು. ಹೊಟ್ಟೆ ಮುಂದೆ ಬಂದವರಿಗೆ ಸ್ಟೇರಿಂಗು ಸ್ವಲ್ಪ ಹಿಂದಕ್ಕೆ. ಶಾಮಿಯಾನದವರಿಗೆ ಬಂಬು ಕಟ್ಟಲು ಮೇಲೊಂದು ಅಟ್ಟ. ಬಳೇಪೇಟೆಯ ಬಳೆ ವ್ಯಾಪಾರಿಯೊಬ್ಬರು, ಎಷ್ಟು ಕುಲುಕಿದರೂ ಒಂದು ಬಳೆಯೂ ಒಡೆಯದಂಥ ಗಾಡಿ ಬೇಕೆಂದರು. ತಾತ ಯೋಚಿಸಿ, ಹಿಂಬದಿಯ ಸ್ಪ್ರಿಂಗುಗಳನ್ನು ಮೆತ್ತಗೆ ಮಾಡಿ, ಅದನ್ನು ಸರಿದೂಗಿಸಲು ಮುಂಬದಿಯವನ್ನು ಗಟ್ಟಿ ಮಾಡಿಕೊಟ್ಟರು. ಬಳೆಗಳು ತೊಟ್ಟಿಲಲ್ಲಿ ಮಲಗಿದಂತೆ ಊರು ಸೇರಿದವು. ವ್ಯಾಪಾರಿ ಮಾತ್ರ ಸೊಂಟ ಹಿಡಿದುಕೊಂಡು ವಾಪಸು ಬಂದು, "ಬಳೆ ಮುಂದೆ ಇಟ್ಕೊಂಡು ನಾನೇ ಹಿಂದೆ ಕೂತ್ಕೋಬಹುದಾ ಸ್ವಾಮಿ?" ಎಂದು ಕೇಳಿದರಂತೆ.

ಮಾವನ ಮಗಳು ಸುಮಾ ಮತ್ತು ನಾನು ಬಸವದಲ್ಲೇ ಶಾಲೆಗೆ ಹೋಗುತ್ತಿದ್ದೆವು. ಹಿಂದೆ ಎದುರುಬದುರು ಎರಡು ಬೆಂಚು, ನಡುವೆ ನೆಲದ ತಗಡಿನಲ್ಲೊಂದು ತೂತು. ಅದಕ್ಕೆ ಕಣ್ಣಿಟ್ಟರೆ ರಸ್ತೆ ಸರ್ರನೆ ಓಡುವುದು ಕಾಣುತ್ತಿತ್ತು. ಮನೆಯಲ್ಲಿ ಟೀವಿ ಇಲ್ಲದ ನಮಗೆ ಅದೇ ಟೀವಿ. ಸರದಿಯ ಪ್ರಕಾರ ನೋಡುತ್ತಿದ್ದೆವು. ಯಾರ ಸರದಿಯಲ್ಲಿ ಸಗಣಿ ಬರುತ್ತದೋ ಅವರು ಸೋತಂತೆ. ಶಾಲೆ ಬರುವ ಹೊತ್ತಿಗೆ ನಮ್ಮ ಯೂನಿಫಾರ್ಮಿಗೆ ಡೀಸೆಲ್ ವಾಸನೆ, ಹಣೆಯ ಮೇಲೆ ತೂತಿನ ಅಂಚಿನ ಕೆಂಪು ಗುರುತು. ಬಾಕಿ ಹುಡುಗರು ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು, ನಾವು ಇದನ್ನು.

ಆಮೇಲೆ ರಾಷ್ಟ್ರೀಯ ಮಾರುಕಟ್ಟೆ ಬಂತು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನಾದ್ದರಿಂದ ಈ ಮಾತನ್ನು ಸಲೀಸಾಗಿ ಬಳಸುತ್ತೇನೆ. ರಾಷ್ಟ್ರೀಯ ಮಾರುಕಟ್ಟೆ ಎಂದರೆ ಕಾಶ್ಮೀರದವರಿಗೂ ಕನ್ಯಾಕುಮಾರಿಯವರಿಗೂ ಒಂದೇ ಹೊಟ್ಟೆ ಇದೆಯೆಂದು ತಿಳಿದು ಒಂದೇ ಜಾಗದಲ್ಲಿ ಸ್ಟೇರಿಂಗು ಇಡುವುದು. ಕಂಪನಿಗಳು ಶೋರೂಮು ತೆರೆದವು. ಒಳಗೆ ತಣ್ಣನೆ ಗಾಳಿ, ಗಾಜಿನ ಲೋಟದಲ್ಲಿ ನೀರು, ಟೈ ಕಟ್ಟಿದ ಹುಡುಗರು. ತಾತನ ಶೆಡ್ಡಿನಲ್ಲಿ ಗಿರಾಕಿಗೆ ಕೂರಲು ಹಳೆಯ ಟೈರು, ಕುಡಿಯಲು ಪಕ್ಕದ ಹೋಟೆಲಿನ ಬೈಟು ಕಾಫಿ. ಜಾಹೀರಾತಿನಲ್ಲಿ ಕಂಪನಿಯ ಗಾಡಿ ಹಿಮಾಲಯ ಹತ್ತುತ್ತಿತ್ತು, ನದಿ ದಾಟುತ್ತಿತ್ತು, ಮರಳುಗಾಡಿನಲ್ಲಿ ಧೂಳೆಬ್ಬಿಸುತ್ತಿತ್ತು. ಕೊಂಡವರು ಅದರಲ್ಲಿ ಎಂಟನೇ ಅಡ್ಡರಸ್ತೆಗೆ ಸೊಪ್ಪು ತರಲು ಹೋದರು.

ತಾತ ಹೋದ ಮೇಲೆ ಶೆಡ್ಡು ಮಾವನ ಪಾಲಿಗೆ ಬಂತು. ಮಾವ ಯಾವುದನ್ನೂ ಬದಲಾಯಿಸಲಿಲ್ಲ. ಅದೇ ಬೆಂಚು, ಅದೇ ತಗಡು, ಅದೇ ಹಸಿರು. ಪ್ರತಿಯೊಂದು ಬಸವವೂ ಬೇರೆ ಅಳತೆಯದಾದ್ದರಿಂದ ಒಂದರ ಬಾಗಿಲು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ರಿಪೇರಿಗೆ ಬಂದವರು, ಆ ಬಾಗಿಲು ಮಾಡಿದ ಮೇಸ್ತ್ರಿ ಊರಿನಿಂದ ಬರುವವರೆಗೂ ಬಾಗಿಲಿಲ್ಲದೆ ಓಡಾಡಬೇಕಿತ್ತು. "ಗಾಳಿ ಚೆನ್ನಾಗ್ ಬರುತ್ತಲ್ಲಾ" ಎಂದು ಮಾವ ಸಮಾಧಾನ ಹೇಳುತ್ತಿದ್ದರು.

ಒಮ್ಮೆ ನಾನು, ಹೊಸದಾಗಿ ಎಂ.ಎ. ಮುಗಿಸಿದ ಹುರುಪಿನಲ್ಲಿ, ದೊಡ್ಡ ಪ್ರಮಾಣದ ಉತ್ಪಾದನೆಯ ಲಾಭಗಳನ್ನು ಅವರಿಗೆ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ ನಾನು ಏನ್ ಮಾಡ್ಬೇಕಿತ್ತು ಅಂತೀಯಾ ಮೇಷ್ಟ್ರೇ?"

"ಒಂದೇ ಥರದ್ದು ಸಾವಿರಾರು ಮಾಡ್ಬೇಕಿತ್ತು ಮಾವ."

"ಸಾವಿರ ಜನಕ್ಕೆ ಒಂದೇ ಅಳತೆ ಪ್ಯಾಂಟ್ ಹೊಲಿದ್ರೆ ಹಾಕ್ಕೋತಾರೇನೋ?"

"ಹಾಕ್ಕೋತಾ ಇದಾರಲ್ಲ ಮಾವ. ರೆಡಿಮೇಡ್."

ಮಾವ ನನ್ನ ಪ್ಯಾಂಟಿನ ಕಡೆ ನೋಡಿದರು. ಅದು ರೆಡಿಮೇಡ್. ಅವರು ಎದ್ದು ಒಳಗೆ ಹೋದರು. ಆ ವಾದದಲ್ಲಿ ಗೆದ್ದವನು ನಾನೆಂದೇ ಇವತ್ತಿಗೂ ತಿಳಿದಿದ್ದೇನೆ. ಪ್ಯಾಂಟು ಮಾತ್ರ ಆಗಲೂ ಸೊಂಟದಲ್ಲಿ ಸಡಿಲವಾಗಿತ್ತು.

ಶೆಡ್ಡು ಮುಚ್ಚಿತು. ಬಸವಗಳು ಒಂದೊಂದಾಗಿ ಗುಜರಿ ಸೇರಿದವು. ಉಳಿದದ್ದು ಮಾವ ಸ್ವಂತಕ್ಕೆ ಇಟ್ಟುಕೊಂಡಿದ್ದ, ನಾವು ಶಾಲೆಗೆ ಹೋಗುತ್ತಿದ್ದ, ಆ ಒಂದೇ ಬಸವ. ಅದು ಮಲ್ಲೇಶ್ವರದಿಂದ ಶ್ರೀರಾಂಪುರದ ಕಡೆಗೆ ಇಳಿಯುವ ಅಡ್ಡರಸ್ತೆಯಲ್ಲಿ, ಅವರ ಮನೆಯ ಮುಂದೆ, ಇಳಿಜಾರಿಗೆ ಮೂತಿ ಮಾಡಿಕೊಂಡು ನಿಂತಿರುತ್ತಿತ್ತು. ಇಳಿಜಾರಿಗೇ ಯಾಕೆಂದರೆ ಅದನ್ನು ಸ್ಟಾರ್ಟ್ ಮಾಡಲು ಇಳಿಜಾರು ಬೇಕಿತ್ತು. ಹ್ಯಾಂಡ್‌ಬ್ರೇಕ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಎಳೆದರೆ ಬರುತ್ತಿತ್ತು, ಪೂರ್ತಿ ಕೈಗೇ ಬರುತ್ತಿತ್ತು. ಗೇರು ಹಾಕಿ ನಿಲ್ಲಿಸಿದರೆ ತನ್ನಷ್ಟಕ್ಕೆ ಜಾರಿ ನ್ಯೂಟ್ರಲ್ಲಿಗೆ ಬರುತ್ತಿತ್ತು. ಆದ್ದರಿಂದ ಮುಂದಿನ ಚಕ್ರಕ್ಕೆ ಒಂದು ಕಲ್ಲು. ಬೂದು ಬಣ್ಣದ, ರುಬ್ಬುಗುಂಡಿನ ಗಾತ್ರದ, ಒಂದು ಕಡೆ ಚಪ್ಪಟೆಯಾದ ಸೈಜುಗಲ್ಲು. ಕಲ್ಲಿನ ಬಗ್ಗೆ ಯಾರಾದರೂ ಮಾತೆತ್ತಿದರೆ ಮಾವ, "ಅದು ಎಕ್ಸ್‌ಟ್ರಾ ಸೇಫ್ಟಿಗೆ" ಎನ್ನುತ್ತಿದ್ದರು. ಬಸವನಲ್ಲಿ ಕೊರತೆಯಿದೆಯೆಂದು ಅವರ ಬಾಯಿಂದ ಒಂದು ದಿನವೂ ಬಂದದ್ದಿಲ್ಲ. ಗಾಡಿ ನಿಂತರೆ ಡೀಸೆಲ್ ಸರಿಯಿಲ್ಲ, ಕುಲುಕಿದರೆ ರಸ್ತೆ ಸರಿಯಿಲ್ಲ, ವಾಂತಿಯಾದರೆ ತಿಂದದ್ದು ಸರಿಯಿಲ್ಲ.

ಸರೋಜತ್ತೆ, ಅಂದರೆ ಮಾವನ ಹೆಂಡತಿ, ಬಸವನನ್ನು ಸವತಿ ಎಂದು ಕರೆಯುತ್ತಿದ್ದರು. "ನಂಗೆ ಸೀರೆ ತರೋದು ಮರೀತಾರೆ, ಅವಳಿಗೆ ಆಯಿಲ್ ತರೋದು ಮರೆಯಲ್ಲ" ಎನ್ನುವುದು ಅವರ ಕಾಯಂ ದೂರು.

ಹೋದ ವರ್ಷ ಸಂಗತಿ ಬಿಗಿಯಾಯಿತು. ಹಳೆಯ ವಾಹನಗಳು ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಗುಜರಿಗೆ ಹೋಗಬೇಕು ಎಂಬ ಮಾತು ಮನೆಯೊಳಕ್ಕೂ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸುಮಾ ಪಕ್ಕದ ಬೀದಿಯಲ್ಲೇ ಇರುವವಳು. ಆಗಷ್ಟೇ ಸಾಲ ಮಾಡಿ ಒಂದು ದೊಡ್ಡ ಬಿಳಿಯ ಕಂಪನಿ ಗಾಡಿ ಕೊಂಡಿದ್ದಳು. ಅದು ಹಿಂದಕ್ಕೆ ಹೋದರೆ ಕೂಗುತ್ತದೆ, ಬೆಲ್ಟ್ ಹಾಕದಿದ್ದರೆ ಕೂಗುತ್ತದೆ, ಬಾಗಿಲು ತೆರೆದಿದ್ದರೆ ಇಂಗ್ಲಿಷಿನಲ್ಲಿ ಬೈಯುತ್ತದೆ. ಮಾವ ಅದನ್ನು ಪ್ಲಾಸ್ಟಿಕ್ ಡಬ್ಬ ಎನ್ನುತ್ತಿದ್ದರು. ಸುಮಾ ಗುಜರಿಯವನನ್ನು ಗೊತ್ತು ಮಾಡಿ ಅಪ್ಪನೆದುರು ನಿಂತಳು.

"ಅಪ್ಪ, ಆಯುಧಪೂಜೆ ಮುಗೀಲಿ. ಹಬ್ಬ ಕಳೆದ ಮಾರನೇ ದಿನ ಅವನು ಬರ್ತಾನೆ. ಅಷ್ಟೇ."

"ನಿಮ್ಮ ತಾತನ ಕೈಯಲ್ಲಾಗಿದ್ದು ಅದೊಂದೇ ಉಳಿದಿರೋದು ಕಣೇ."

"ನಾನೂ ನಿಮ್ಮಿಂದಲೇ ಆಗಿದ್ದು, ನನ್ನ ಮಾತೂ ಒಂಚೂರು ಕೇಳಿ. ಅಮ್ಮ ಬೇಡ ಅನ್ಲಿ, ಈಗಲೇ ಫೋನ್ ಮಾಡಿ ಅವನಿಗೆ ಬರ್ಬೇಡ ಅಂತೀನಿ."

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತ, "ಹಬ್ಬ ಆಗ್ಲಿ, ಹೇಳ್ತೀನಿ" ಎಂದರು.

ಹೀಗೆ ಬಸವನ ತಲೆ ಅತ್ತೆಯ ನಾಲಗೆಯ ಮೇಲೆ ಬಂದು ನಿಂತಿತು. ಮಾವ ಪ್ರಚಾರ ಶುರು ಮಾಡಿದರು. ಚುನಾವಣೆಗೆ ನಿಂತವರೂ ಅಷ್ಟು ವಿನಯದಿಂದ ಓಡಾಡುವುದಿಲ್ಲ. ಅತ್ತೆಗೆ ಮಲ್ಲಿಗೆ ಬಂತು, ಮೈಸೂರುಪಾಕು ಬಂತು, ಎಷ್ಟೋ ವರ್ಷಗಳಿಂದ ಸೋರುತ್ತಿದ್ದ ಅಡುಗೆಮನೆಯ ನಲ್ಲಿಗೆ ವಾಷರು ಬಂತು. ಕೊನೆಯ ಅಸ್ತ್ರವಾಗಿ, ಆಯುಧಪೂಜೆಯ ದಿನ ಅತ್ತೆಯನ್ನು ಬಸವನಲ್ಲಿ ಕೂರಿಸಿ, ಹೊಸದಾಗಿ ಮದುವೆಯಾಗಿ ಬಂದಾಗ ಸುತ್ತಾಡಿಸಿದಂತೆ, ಬಸವನಗುಡಿಯವರೆಗೆ ಒಂದು ಸುತ್ತು ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದರು. ಅಷ್ಟಾದರೆ ಆಕೆಯ ಮನಸ್ಸು ಕರಗುತ್ತದೆಂಬುದು ಅವರ ಲೆಕ್ಕ. "ನೀನೂ ಬಾ, ಸಾಕ್ಷಿಗೆ" ಎಂದು ನನಗೂ ಹೇಳಿದರು.

ಸಾಕ್ಷಿಯಾದೆ. ಹೇಳುತ್ತೇನೆ ಕೇಳಿ.

ಆಯುಧಪೂಜೆಯ ಬೆಳಿಗ್ಗೆ ಆ ಬೀದಿ ನೋಡಬೇಕಿತ್ತು. ಪ್ರತಿ ವಾಹನಕ್ಕೂ ಬಾಳೆಕಂದು, ಚೆಂಡುಹೂವಿನ ಹಾರ. ಕೆಳಗಡೆ ದೊಡ್ಡ ರಸ್ತೆಯಲ್ಲಿ ಬೂದುಗುಂಬಳ ಮಾರುವವರ ಗದ್ದಲ, ಬಸ್ಸುಗಳ ಹಾರನ್ನು. ಬಸವನಿಗೆ ಅರಿಶಿನ ಕುಂಕುಮ ಬಳಿದು ಮುಗಿದಿತ್ತು. ಅದರಿಂದ ಒಂದು ಮನೆಯಾಚೆ ಇಳಿಜಾರಿನಲ್ಲಿ ಸುಮಾಳ ಬಿಳಿ ಗಾಡಿ. ಅವಳು ಅದರ ಹಿಂಬದಿಯಲ್ಲಿ ನಿಂತು ಹಾರ ಕಟ್ಟುತ್ತಿದ್ದಳು.

ಆಯುಧಪೂಜೆ ಎಂದರೆ ದುಡಿಯುವ ಉಪಕರಣಗಳಿಗೆ ಒಂದು ದಿನದ ಬಿಡುವು ಕೊಟ್ಟು ಕೈಮುಗಿಯುವುದು. ಮಾವ ಇದನ್ನು ಶ್ರದ್ಧೆಯಿಂದ ಮಾಡುವವರು. ಬಸವನ ಮುಂದೆ, ಸ್ವಲ್ಪ ಬದಿಗೆ, ಮಣೆ ಹಾಕಿ ಅದರ ಮೇಲೆ ಜಾಕಿ, ಸ್ಪ್ಯಾನರುಗಳು, ಸುತ್ತಿಗೆ, ತಾತನ ಕಾಲದ ಇಕ್ಕಳ ಎಲ್ಲವನ್ನೂ ತೊಳೆದು ಸಾಲಾಗಿ ಜೋಡಿಸಿದ್ದರು. ಸಾಲಿನ ಕೊನೆಯಲ್ಲಿ, ಮೂರು ಬೆರಳಿನ ವಿಭೂತಿ ಎಳೆಸಿಕೊಂಡು, ನಡುವೆ ಕುಂಕುಮವಿಟ್ಟುಕೊಂಡು, ತಲೆಯ ಮೇಲೆ ಒಂದು ಸೇವಂತಿಗೆ ಹೊತ್ತು, ಲಿಂಗದಷ್ಟು ಗಂಭೀರವಾಗಿ ಆ ಕಲ್ಲು ಕೂತಿತ್ತು.

ನಾನು ನೋಡಿದೆ. ಚೆನ್ನಾಗಿದೆ ಅಂದುಕೊಂಡೆ. ವರ್ಷವಿಡೀ ಚಕ್ರದಡಿ ಬಿದ್ದಿದ್ದಕ್ಕೆ ಇವತ್ತಾದರೂ ಮರ್ಯಾದೆ ಸಿಕ್ಕಿತಲ್ಲ ಎಂದುಕೊಂಡೆ. ಇಷ್ಟೆಲ್ಲ ಯೋಚಿಸಿದ ತಲೆಗೆ ಅದರ ಮುಂದಿನ ಯೋಚನೆ ಬರಲಿಲ್ಲ. ಕಲ್ಲಿದ್ದ ಜಾಗದಲ್ಲಿ ಈಗ ಒಂದು ನಿಂಬೆಹಣ್ಣು ಇತ್ತು. ನಾಲ್ಕು ಚಕ್ರಕ್ಕೂ ಒಂದೊಂದು. ಹಲವು ವಾರಗಳಿಂದ ಅಲುಗದೆ ನಿಂತು ಟೈರುಗಳು ತಳದಲ್ಲಿ ಚಪ್ಪಟೆಯಾಗಿದ್ದವು. ಬಸವನನ್ನು ಹಿಡಿದಿದ್ದದ್ದು ಆ ಚಪ್ಪಟೆ ಮಾತ್ರ.

"ಹತ್ತು ಸರೋಜಾ" ಎಂದರು ಮಾವ, ಮದುಮಗನ ಗತ್ತಿನಲ್ಲಿ.

"ಮುಂದೆ ಕೂತ್ಕೊಳ್ಳಲಾ?"

"ಮುಂದಿನ ಸೀಟಲ್ಲಿ ದೇವರ ಫೋಟೋ ಇಟ್ಟಿದೀನಿ. ಹಿಂದೆ ಕೂತ್ಕೋ. ಮಂಗಳಾರತಿ ಆದ್ಮೇಲೆ ಎತ್ಕೋತೀನಿ."

ಅತ್ತೆ ಕಡಲೆಪುರಿಯ ದೊಡ್ಡ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಅತ್ತೆಯ ತೂಕದ ಬಗ್ಗೆ ಇಲ್ಲಿ ನಾನೇನೂ ಬರೆಯುವುದಿಲ್ಲ, ಅವರು ಓದುತ್ತಾರೆ. ಬಸವನ ಹಿಂಬಾಗಿಲು ಎರಡು ಸಲ ಬಡಿಯದೆ ಹಾಕಿಕೊಳ್ಳುತ್ತಿರಲಿಲ್ಲ. ಮೊದಲ ಬಡಿತಕ್ಕೆ ಹಾರದ ಚೆಂಡುಹೂವುಗಳು ಅಲ್ಲಾಡಿದವು. ಎರಡನೆಯದಕ್ಕೆ ಬಸವ ಹೊರಟಿತು.

ಸದ್ದೇ ಇರಲಿಲ್ಲ. ನನ್ನನ್ನು ಈಗಲೂ ನಿದ್ದೆಯಿಂದ ಎಬ್ಬಿಸುವುದು ಅದೇ. ಹುಟ್ಟಿದಾಗಿನಿಂದ ಬೀದಿಯನ್ನೆಲ್ಲ ಎಬ್ಬಿಸುತ್ತ ಓಡಾಡಿದ ಗಾಡಿ, ಆ ದಿನ ಬೆಕ್ಕಿನ ಹಾಗೆ ಹೋಯಿತು. ನಿಂಬೆಹಣ್ಣು ಪಚಕ್ಕೆಂದದ್ದು ಕೇಳಿಸಿತು, ಅಷ್ಟೇ. ಕರ್ಪೂರದ ತಟ್ಟೆ ಹಿಡಿದು ನಿಂತಿದ್ದ ಮಾವನ ಮೊಣಕೈಗೆ ಸವರಿಕೊಂಡೇ ದಾಟಿತು. ಮಾವ ಗಾಡಿಯ ಬೆನ್ನಿಗೆ ಒಂದು ಸುತ್ತು ಮಂಗಳಾರತಿ ಎತ್ತಿಯೂ ಬಿಟ್ಟರು. ಆಮೇಲೆ ತಟ್ಟೆ ಬಿತ್ತು.

"ಏಯ್! ಏಯ್! ಸರೋಜಾ!"

ಹಿಂದಿನ ಕಿಟಕಿಯಲ್ಲಿ ಅತ್ತೆಯ ಮುಖ ದೂರವಾಗುತ್ತಿತ್ತು. ನಾನೇನು ಮಾಡಿದೆನೆಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ: "ಬ್ರೇಕ್ ಹಾಕಿ ಅತ್ತೆ!" ಎಂದು ಕೂಗಿದೆ. ಜನ್ಮದಲ್ಲಿ ಸ್ಟೇರಿಂಗು ಮುಟ್ಟದ, ಹಿಂದಿನ ಬೆಂಚಿನಲ್ಲಿ ಕಡಲೆಪುರಿ ಹಿಡಿದು ಕೂತ ಹೆಂಗಸಿಗೆ, ಸ್ನಾತಕೋತ್ತರ ಪದವೀಧರನಾದ ನಾನು ಕೊಟ್ಟ ಸಲಹೆ ಅದು. ಕೂಗಿ, ನಿಂತಲ್ಲೇ ನನ್ನ ಬಲಗಾಲಿನಿಂದ ನೆಲವನ್ನು ಒತ್ತಿ ಹಿಡಿದೆ. ಈಗಲೂ ಕೆಲವು ರಾತ್ರಿ ಮಂಚದ ತುದಿಯನ್ನು ಹಾಗೇ ಒತ್ತುತ್ತಿರುತ್ತೇನಂತೆ.

ಕೆಳಗೆ ದೊಡ್ಡ ರಸ್ತೆಯಲ್ಲಿ ಬಸ್ಸು ಹೋಗುತ್ತಿತ್ತು. ನಡುವೆ ಇದ್ದದ್ದು ಸುಮಾಳ ಬಿಳಿ ಗಾಡಿ. ಅದರ ಹಿಂಬದಿಯಲ್ಲಿ, ಹಾರ ಕಟ್ಟುತ್ತ ಅವಳು ನಿಂತಿದ್ದ ಜಾಗ ಖಾಲಿಯಿತ್ತು. ದಾರ ಕತ್ತರಿಸಲು ಬ್ಲೇಡು ಕೇಳಿಕೊಂಡು ಅವಳು ಆಗತಾನೇ ಎದುರು ಮನೆಯ ಮೆಟ್ಟಿಲು ಹತ್ತಿದ್ದಳು. ಬ್ಲೇಡು ಅವಳ ಕೈಚೀಲದಲ್ಲೇ ಇದ್ದಿದ್ದರೆ, ದಾರವನ್ನು ಹಲ್ಲಿನಿಂದ ಕಚ್ಚುವ ಅಭ್ಯಾಸ ಇದ್ದಿದ್ದರೆ, ಎಂದು ಯೋಚಿಸಲು ಶುರು ಮಾಡಿದರೆ ನನಗೆ ಅನ್ನ ಸೇರುವುದಿಲ್ಲ.

ಬಸವ ಬಿಳಿ ಗಾಡಿಯ ಬೆನ್ನಿಗೆ ಗುದ್ದಿತು. ಬಿಳಿ ಗಾಡಿ ಒಂದಿಷ್ಟು ಮುಂದಕ್ಕೆ ತಳ್ಳಿಸಿಕೊಂಡು, ಟೈರು ಕಿರುಗುಟ್ಟಿಸಿ, ಕಾಲೂರಿ ನಿಂತುಬಿಟ್ಟಿತು. ನಾಲ್ಕೂ ದೀಪ ಮಿಟುಕಿಸುತ್ತ ಬೊಬ್ಬೆ ಹಾಕತೊಡಗಿತು. ಎರಡೂ ನಿಂತವು.

ನಾವು ಓಡಿದೆವು. ಎಲ್ಲರಿಗಿಂತ ಮೊದಲು ಮುಟ್ಟಿದವರು ಮಾವ. ಬಿಳಿ ಗಾಡಿಯ ಹಿಂಬಾಗಿಲು ಹಪ್ಪಳದಂತೆ ಮಡಿಸಿಕೊಂಡಿತ್ತು. ಬಸವನ ಮೂತಿಯಲ್ಲಿ ಹಾರ ಹರಿದಿತ್ತು, ಅಷ್ಟೇ.

"ನೋಡಿದ್ಯಾ! ಒಂದು ಗೀಚು ಬಿದ್ದಿಲ್ಲ! ಅಪ್ಪ ಹಾಕಿರೋ ತಗಡು!" ಎಂದು ಮಾವ ನನ್ನ ತೋಳು ಹಿಡಿದು ಕುಲುಕಿದರು. ನಂಬಿ, ಅವರ ಮುಖ ಬೆಳಗಿತ್ತು.

ಅಷ್ಟರಲ್ಲಿ ಬಸವನ ಹಿಂಬಾಗಿಲು ತೆರೆದು ಅತ್ತೆ ಇಳಿದರು. ತಲೆ, ಭುಜ, ರೇಷ್ಮೆ ಸೀರೆಯ ನೆರಿಗೆ ಎಲ್ಲ ಕಡೆಯೂ ಕಡಲೆಪುರಿ. ಹಣೆ ಒಂದು ಕಡೆ ಊದಿತ್ತು. ಖಾಲಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು, ಬಿಡಿಸಿಕೊಳ್ಳಲು ಸುಮಾ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು. ಮಾವ ಅದನ್ನು ನೋಡಿದರು. ತಗಡಿನ ಮಾತು ಅರ್ಧಕ್ಕೇ ನಿಂತಿತು. ಅಲ್ಲೇ ಚರಂಡಿಯ ಕಟ್ಟೆಯ ಮೇಲೆ ಕೂತರು.

ಬೀದಿ ಸೇರಿತ್ತು. "ಕಂಪನಿ ಗಾಡಿ ಇತ್ತು ಅಂತ ಬಚಾವ್ ಗುರು" ಎಂದ ಒಬ್ಬ. "ಇಲ್ಲಾಂದ್ರೆ ಅಜ್ಜಿ ಸೀದಾ ಬಸ್ಸಿಗೆ." ಇನ್ನೊಬ್ಬ, "ದೃಷ್ಟಿ ಕಣ್ರೀ, ಕುಂಬಳಕಾಯಿ ಒಡೆಯೋದು ಲೇಟ್ ಮಾಡಿದ್ರು" ಎಂದ. ಕಲ್ಲಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದು ಮೇಲುಗಡೆ ಮಣೆಯ ತುದಿಯಲ್ಲಿ, ಹೂವು ಮುಡಿದು ಕೂತೇ ಇತ್ತು.

ಡಾಕ್ಟರು ಬಂದು ಅತ್ತೆಯ ಹಣೆಗೆ ಐಸು ಒತ್ತಲು ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ಮನೆ ಶಾಂತವಾಯಿತು. ಸುಮಾ ತನ್ನ ಗಾಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮಾವನಿಗೆ ಸುಲಭವಾಗುತ್ತಿತ್ತು. ಅವರು ನಡುಮನೆಯ ಕುರ್ಚಿಯಲ್ಲಿ ಕೂತರು. ಆಮೇಲೆ ಅತ್ತೆಯ ಕಡೆ ತಿರುಗಿ, ಮೆಲ್ಲಗೆ, ಯಾರದೋ ಸಾವಿನ ಸುದ್ದಿ ಹೇಳುವವರ ಹಾಗೆ ಹೇಳಿದರು.

"ಬ್ರೇಕ್ ಇರ್ಲಿಲ್ಲ ಕಣೇ ಅದಕ್ಕೆ. ಕಾಲ್ದೂ ಅಷ್ಟಕ್ಕಷ್ಟೇ. ಕೈದಂತೂ ಮೊದಲಿಂದ್ಲೂ ಇಲ್ಲ."

"ಗೊತ್ತು" ಎಂದರು ಅತ್ತೆ.

"ಗೊತ್ತಾ? ಯಾವಾಗಿಂದ?"

"ಮದುವೆಯಾದ ವರ್ಷಾನೇ. ಮೈಸೂರ್ ರೋಡಲ್ಲಿ ಮೊದಲನೇ ಸಲ ಕರ್ಕೊಂಡ್ ಹೋದ್ರಲ್ಲ, ನಿಲ್ಸೋಕೆ ಹುಣಸೆಮರ ಹುಡುಕ್ತಾ ಇದ್ರಿ."

ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಗೊತ್ತಿದ್ದೂ ಯಾಕೆ ಹತ್ತುತ್ತಿದ್ದೆ ಮತ್ತೆ, ಇಷ್ಟು ವರ್ಷ?"

ಅತ್ತೆ ಐಸಿನ ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡರು. "ಒಬ್ಬಟ್ಟು ಆರಿಹೋಗತ್ತೆ. ಊಟಕ್ಕೆ ಏಳಿ."

ಊಟಕ್ಕೆ ಕೂರುವ ಮೊದಲು ಮಾವ ತಾವೇ ಗುಜರಿಯವನಿಗೆ ಫೋನು ಮಾಡಿದರು. ಅತ್ತೆಯ ತೀರ್ಪನ್ನು ಯಾರೂ ಕೇಳಲಿಲ್ಲ. ಅತ್ತೆಯೂ ಹೇಳಲಿಲ್ಲ.

ಹಬ್ಬ ಕಳೆದ ಮಾರನೆಯ ದಿನ ಅವನು ಒಂದು ಸಣ್ಣ ಲಾರಿ ತಂದ. ಬಸವನ ಮೂತಿಗೂ ಲಾರಿಯ ಬಾಲಕ್ಕೂ ನಡುವೆ ಒಂದು ಕಬ್ಬಿಣದ ರಾಡು ಬಿಗಿದ. ಹೀಗೆ ಎಳೆದೊಯ್ಯುವಾಗ ಹಿಂದಿನ ಗಾಡಿಯ ಸ್ಟೇರಿಂಗು ಹಿಡಿಯಲು ಒಬ್ಬರು ಬೇಕು. ಅವನ ಆಳು ಹತ್ತಲು ಹೋದ. ಮಾವ ಅವನನ್ನು ಸರಿಸಿ, "ನಿಂಗೆ ಇದರ ಅಭ್ಯಾಸ ಇಲ್ಲ" ಎಂದು ತಾವೇ ಹತ್ತಿ ಕೂತರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ನೆಟ್ಟ ದೃಷ್ಟಿ. ನಾನು ದಿಬ್ಬದ ಕಡೆ, ಗೇಟಿಗೆ ಬೆನ್ನು ಆನಿಸಿ ನಿಂತಿದ್ದೆ.

ಲಾರಿ ಗುರುಗುಟ್ಟಿತು. ಆಗ ಅತ್ತೆ, ಹಣೆಗೆ ಪಟ್ಟಿ, ಕಾಲಿಗೆ ಚಪ್ಪಲಿ, ಮನೆಯಿಂದ ಹೊರಬಂದು, ಬಸವನ ಸುತ್ತ ಬಳಸಿಕೊಂಡು ಹೋಗಿ ಮುಂದಿನ ಬಾಗಿಲು ತೆಗೆದರು.

"ಅಮ್ಮಾ, ಏನ್ ಮಾಡ್ತಿದೀಯಾ? ಇಳಿ!" ಸುಮಾ ಚೀರಿದಳು.

ಗುಜರಿಯವನು ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಮ್ಮ, ಇಳ್ಕೊಳ್ಳಿ, ಬೇಡ. ಗಾಡಿಗೆ ಬ್ರೇಕ್ ಇಲ್ಲ."

ಅತ್ತೆ ಮಾವನ ಪಕ್ಕದಲ್ಲಿ ಕೂತು, ಸೆರಗನ್ನು ಒಳಗೆಳೆದುಕೊಂಡು, ಬಾಗಿಲು ಬಡಿದರು.

"ಗೊತ್ತಪ್ಪ. ನೀನು ಎಳಿ."